ಬಿಯರ್ ಸಿಗದ ಬಿಯರ್ ದಿನ

ನವೆಂಬರಿನ ಮೊದಲ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಅಮೆರಿಕದ ಕೊಲರಾಡೊದಲ್ಲಿ ಆ ಹೊತ್ತಿಗೆ ಮೈ ನಡುಗುವ ಚಳಿ. ಮನೆಯೊಂದರ ಗ್ಯಾರೇಜಿನಿಂದ ಕಾರನ್ನು ಬೀದಿಗೆ ಅಟ್ಟಿದ್ದಾರೆ. ಮುಂದಿನ ಸಿಮೆಂಟು ನೆಲದ ಮೇಲೆ ಮೂರು ಗ್ಯಾಸ್ ಒಲೆ, ಅವುಗಳ ಮೇಲೆ ಮದುವೆಮನೆಯ ಸಾರಿನ ಪಾತ್ರೆಗಳನ್ನು ನೆನಪಿಸುವ ಸ್ಟೀಲ್ ಹಂಡೆಗಳು. ಸುತ್ತ ಹತ್ತು ಹನ್ನೆರಡು ಮಂದಿ. ಅರ್ಧದಷ್ಟು ಜನ ವರ್ಷಗಳಿಂದ ಮನೆಯಲ್ಲೇ ಬಿಯರ್ ಮಾಡಿ ಪಳಗಿದವರು. ಉಳಿದವರು ಇವತ್ತೇ ಮೊದಲ ಬಾರಿಗೆ ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಮೂಸಿ ನೋಡುತ್ತಿರುವವರು.

ಈ ಶನಿವಾರಕ್ಕೆ ‘ಲರ್ನ್ ಟು ಹೋಮ್‌ಬ್ರೂ ಡೇ’ ಎಂದು ಹೆಸರು. ಮನೆಯಲ್ಲಿ ಬಿಯರ್ ಮಾಡುವವರು ಗೊತ್ತಿಲ್ಲದವರನ್ನು ಕರೆದು ಕಲಿಸಲಿ ಎಂದು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ 1999ರಲ್ಲಿ ಶುರುಮಾಡಿದ ದಿನ. ಮೇ ತಿಂಗಳ ಮೊದಲ ಶನಿವಾರ ಇಂಥದ್ದೇ ಇನ್ನೊಂದು, ‘ಬಿಗ್ ಬ್ರೂ’. ಹೊಸಬರಿಗೆ ಮೊದಲ ಆಶ್ಚರ್ಯ ಎದುರಾಗುವುದು ಇಲ್ಲೇ: ಬಿಯರ್ ಮಾಡುವ ದಿನ ಬಿಯರ್ ಆಗುವುದಿಲ್ಲ. ಸಂಜೆಗೆ ಕೈಗೆ ಸಿಗುವುದು ಸಿಹಿ, ಕಹಿ, ಅಂಟುಅಂಟಾದ ‘ವರ್ಟ್’ ಎಂಬ ಕಷಾಯ. ಅದನ್ನು ಬಿಯರ್ ಮಾಡುವುದು ಯೀಸ್ಟ್. ಅದಕ್ಕೆ ಒಂದೆರಡು ವಾರ ಬೇಕು, ಬಾಟಲಿಗೆ ತುಂಬಿದ ಮೇಲೆ ಇನ್ನೂ ಎರಡು ವಾರ.

ಹಾಗಾದರೆ ಜನ ಸೇರುವುದು ಯಾಕೆ? ಕಾಯುವುದಕ್ಕೆ. ಐದಾರು ಗಂಟೆಯ ಕೆಲಸದಲ್ಲಿ ಬಹುಪಾಲು ನೀರು ಕಾಯಿಸುವುದು, ನೆನೆಯಲು ಬಿಡುವುದು, ಕುದಿಯಲು ಬಿಡುವುದು. ಒಬ್ಬನೇ ಇದ್ದರೆ ಬೇಜಾರು ಹಿಡಿಸುವ ಈ ಬಿಡುವೇ ಹತ್ತು ಜನ ಸೇರಿದಾಗ ಪಾಠಶಾಲೆ. ನಮ್ಮ ಆಲೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುತ್ತ ಕೂತವರ ಮಾತಿಗೆ ಕೊನೆಯಿರುವುದಿಲ್ಲ. ಪಾಕದ ಹದವನ್ನು ಹುಡುಗರು ಕಲಿಯುವುದೂ ಆ ಮಾತಿನ ನಡುವೆಯೇ.

ಈ ಮಾತುಕತೆಯನ್ನು ಗ್ಯಾರೇಜಿನ ಮುಂದೆ ರಾಜಾರೋಷವಾಗಿ ನಡೆಸಲು ಅಮೆರಿಕದವರು ಬಹಳ ಕಾಲ ಕಾಯಬೇಕಾಯಿತು. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧವಿತ್ತು. ಅದು ತೊಲಗಿದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಆ ತಾರತಮ್ಯ ತೆಗೆಯಿತು. ಒಬ್ಬ ವಯಸ್ಕನಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ಲೀಟರಿನಲ್ಲಿ ಸುಮಾರು 378 ಮತ್ತು 757. ಮಾರುವಂತಿಲ್ಲ. ಆದರೂ ರಾಜ್ಯಗಳ ಕಾನೂನು ಬೇರೆಯೇ ಇದ್ದುದರಿಂದ ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪಿ ಮತ್ತು ಅಲಬಾಮಗಳಲ್ಲಿ ಇದು ಸಕ್ರಮವಾದದ್ದು 2013ರಲ್ಲಿ.

ಕಾನೂನಿಗೆ ಮೊದಲೇ ಪಾಠ ಶುರುವಾಗಿತ್ತು ಎಂಬುದು ಸ್ವಾರಸ್ಯ. ಪರಮಾಣು ಎಂಜಿನಿಯರಿಂಗ್ ಓದಿದ ಚಾರ್ಲಿ ಪಪೇಜಿಯನ್ ಎಂಬಾತ 1970ರ ದಶಕದಲ್ಲಿ ಕೊಲರಾಡೊದ ಬೌಲ್ಡರ್ ಊರಿನಲ್ಲಿ ಬಿಯರ್ ಮಾಡುವುದನ್ನು ಕಲಿಸುತ್ತಿದ್ದ. ಚಾರ್ಲಿ ಮ್ಯಾಟ್ಜೆನ್ ಜತೆ ಸೇರಿ 1978ರ ಡಿಸೆಂಬರಿನಲ್ಲಿ ಆತ ಕಟ್ಟಿದ್ದೇ ಮೇಲೆ ಹೇಳಿದ ಸಂಘ. ಲಾಸ್ ಏಂಜಲೀಸಿನ ‘ಮಾಲ್ಟೋಸ್ ಫಾಲ್ಕನ್ಸ್’ ಕ್ಲಬ್ಬು ಇನ್ನೂ ಹಳೆಯದು, 1974ರದ್ದು.

ಮತ್ತೆ ಗ್ಯಾರೇಜಿಗೆ ಬರೋಣ. ಕೂಟ ಸುಸೂತ್ರವಾಗಿ ನಡೆಯಬೇಕಾದರೆ ಕರೆದವರ ತಲೆಯಲ್ಲಿ ಮೊದಲು ಇರಬೇಕಾದದ್ದು ನೀರು. 19 ಲೀಟರ್ ಬಿಯರ್‌ಗೆ ಸುಮಾರು 30 ಲೀಟರ್ ನೀರು ಹಿಡಿಯುತ್ತದೆ. ಕಾಳು ಒಂದಿಷ್ಟು ಹೀರುತ್ತದೆ, ಕುದಿಯುವಾಗ ಒಂದಿಷ್ಟು ಆವಿಯಾಗುತ್ತದೆ. ಕೊನೆಯಲ್ಲಿ ತಣಿಸಲು ಮತ್ತು ತೊಳೆಯಲು ಇದಕ್ಕಿಂತ ಹೆಚ್ಚು ಬೇಕು. ತೋಟದ ಹಸಿರು ಪೈಪಿನಲ್ಲಿ ಹಿಡಿದ ನೀರಿಗೆ ಪ್ಲಾಸ್ಟಿಕ್ ವಾಸನೆ ಇರುತ್ತದೆ, ಆ ವಾಸನೆ ಬಿಯರ್‌ವರೆಗೂ ಹೋಗುತ್ತದೆ. ಎರಡನೆಯದು ಒಲೆ ಇಡುವ ಜಾಗ. ಚಳಿಯೆಂದು ಒಲೆಗಳನ್ನು ಗ್ಯಾರೇಜಿನೊಳಗೆ ಎಳೆದು ಬಾಗಿಲು ಮುಚ್ಚುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಗ್ಯಾಸ್ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಇಲ್ಲ, ಸುಳಿವೂ ಇಲ್ಲ. ಈ ವಿಷಯದಲ್ಲಿ ಮುಲಾಜು ಕೂಡದು.

ಒಲೆ ಹತ್ತಿದ ಮೇಲೆ ಬಾರ್ಲಿಯ ಸರದಿ. ರಾಗಿ ಮಾಲ್ಟ್ ಗೊತ್ತಿರುವ ಕನ್ನಡಿಗರಿಗೆ ಬಾರ್ಲಿ ಮಾಲ್ಟ್ ಅಪರಿಚಿತವಲ್ಲ: ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಕಾಳು. ಅದನ್ನು ತರಿತರಿಯಾಗಿ ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನ ಪಿಷ್ಟ ಅದರದೇ ಕಿಣ್ವಗಳಿಂದ ಸಕ್ಕರೆಯಾಗುತ್ತದೆ. ಎರಡು ಡಿಗ್ರಿ ಕಡಿಮೆಯಾದರೆ ಬಿಯರ್ ತೆಳ್ಳಗೆ, ಹೆಚ್ಚಾದರೆ ಮಂದ. ಹೊಸಬನೊಬ್ಬ ಗಂಜಿಯೊಳಗೆ ಸೌಟು ಅದ್ದಿ ನೆಕ್ಕಿ ನೋಡುತ್ತಾನೆ. ಹಿಟ್ಟಿನ ರುಚಿ. ಅರ್ಧ ಗಂಟೆ ಬಿಟ್ಟು ನೆಕ್ಕಿದರೆ ಸಿಹಿ. ಪುಸ್ತಕದಲ್ಲಿ ಮೂರು ಪುಟ ಓದಿದರೂ ಹತ್ತದ್ದು ಆ ಎರಡನೇ ಸೌಟಿನಲ್ಲಿ ತಲೆಗೆ ಹತ್ತುತ್ತದೆ.

ಮೊದಲ ಸಲವೇ ಇಷ್ಟೆಲ್ಲ ಬೇಡ ಎನ್ನುವವರಿಗೆ ಸುಲಭದ ದಾರಿಯೂ ಇದೆ. ಕಾಕಂಬಿಯಂಥ ಮಾಲ್ಟ್ ಪಾಕ ಡಬ್ಬಿಯಲ್ಲಿ ಸಿಗುತ್ತದೆ. ನೀರಿಗೆ ಸುರಿದು ನೇರವಾಗಿ ಕುದಿಸಬಹುದು. ಅನುಭವಸ್ಥ ಆಯೋಜಕರು ಒಂದು ಒಲೆಯಲ್ಲಿ ಕಾಳು, ಪಕ್ಕದ ಒಲೆಯಲ್ಲಿ ಪಾಕ ಹೂಡುತ್ತಾರೆ. ಪಾಕದ ಒಲೆಯನ್ನು ಬೇಕೆಂದೇ ತಡವಾಗಿ ಹಚ್ಚುತ್ತಾರೆ, ಎರಡೂ ಒಟ್ಟಿಗೆ ಕುದಿಗೆ ಬರಲಿ ಎಂದು.

ಕುದಿ ಬರುವ ಆ ಐದು ನಿಮಿಷ ಯಾರೂ ಅತ್ತಿತ್ತ ಹೋಗಬಾರದು. ಗೃಹಪ್ರವೇಶದಲ್ಲಿ ಹಾಲುಕ್ಕಿದರೆ ಶುಭ. ಇಲ್ಲಿ ವರ್ಟ್ ಉಕ್ಕಿದರೆ ಒಲೆ ಆರುತ್ತದೆ, ಸುಟ್ಟ ಸಕ್ಕರೆ ಪಾತ್ರೆಯ ಹೊರಮೈಗೆ ಕಲ್ಲಿನಂತೆ ಹಿಡಿಯುತ್ತದೆ, ಬಿಸಿ ಪಾಕ ಕಾಲ ಮೇಲೆ ಬಿದ್ದರೆ ಬೊಬ್ಬೆ. ಮೊದಲ ಹಿಡಿ ಹಾಪ್ಸ್ ಬಿದ್ದ ಕ್ಷಣ ನೊರೆ ಇನ್ನಷ್ಟು ಜಿಗಿಯುತ್ತದೆ. ಹಳಬರ ಕೈಯಲ್ಲಿ ಆಗ ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಇರುತ್ತದೆ. ನೊರೆಯ ನೆತ್ತಿಗೆ ನಾಲ್ಕು ಸಲ ಚಿಮುಕಿಸಿದರೆ ಕುಗ್ಗುತ್ತದೆ.

ಹಾಪ್ಸನ್ನು ಒಂದೇ ಸಲ ಸುರಿಯುವುದಿಲ್ಲ. ಒಂದು ಗಂಟೆ ಕುದಿದದ್ದು ಕಹಿ ಬಿಡುತ್ತದೆ, ಅದರ ಘಮ ಆವಿಯಾಗಿ ಹೋಗುತ್ತದೆ. ಕೊನೆಯ ಐದು ನಿಮಿಷಕ್ಕೆ ಹಾಕಿದ್ದು ಘಮ ಉಳಿಸುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುವ ಲೆಕ್ಕವೇ. ಕೊಲರಾಡೊದ ಡೆನ್ವರ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದ್ದು ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಹೀಗಾಗಿ ಕಹಿ ಇಳಿಯುವುದೂ ಕಡಿಮೆ, ಅಲ್ಲಿನವರು ಹಾಪ್ಸ್ ತುಸು ಹೆಚ್ಚು ಹಾಕುತ್ತಾರೆ. ಅಂದಹಾಗೆ, ಮನೆಯ ನಾಯಿಯನ್ನು ಅವತ್ತು ಕಟ್ಟಿಹಾಕಬೇಕು. ಹಾಪ್ಸ್ ನಾಯಿಗಳ ಪಾಲಿಗೆ ವಿಷ.

ಹೊಸಬರು ಎಡವುವುದು ಒಲೆ ಆರಿದ ಮೇಲೆ. ಬೆಳಿಗ್ಗೆಯಿಂದ ಹಂಡೆಯನ್ನು ಉಜ್ಜಿ ಉಜ್ಜಿ ಕೈ ನೋಯಿಸಿಕೊಂಡವರೇ, ತಣಿಯುತ್ತಿರುವ ವರ್ಟಿನೊಳಗೆ ಬಿದ್ದ ಚಮಚಕ್ಕೆ ಬರಿಗೈ ಹಾಕುತ್ತಾರೆ. ಕುದಿಯುವ ತನಕ ಸಾದಾ ಶುಚಿತ್ವ ಸಾಕು, ಕುದಿಯೇ ಕ್ರಿಮಿಗಳನ್ನು ಕೊಲ್ಲುತ್ತದೆ. ಕುದಿ ನಿಂತ ಮೇಲೆ ವರ್ಟ್ ಮುಟ್ಟುವ ಪ್ರತಿಯೊಂದೂ, ಚಮಚ, ಪೈಪು, ಹುದುಗಲು ಇಡುವ ಗಾಜಿನ ಬುರುಡೆ, ಅದರ ಬಿರಡೆ, ಸ್ಯಾನಿಟೈಸರಿನಲ್ಲಿ ಮಿಂದೇ ಬರಬೇಕು. ಇದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡದಿರುವುದು ಒಳ್ಳೆಯದು.

ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ 20 ಡಿಗ್ರಿಗೆ ಇಳಿಸಿದ ವರ್ಟನ್ನು ಕೂಟದವರು ಹಂಚಿಕೊಳ್ಳುತ್ತಾರೆ. ಒಂದೇ ಹಂಡೆಯದ್ದು, ಆದರೆ ಒಬ್ಬೊಬ್ಬರ ಬುರುಡೆಗೆ ಒಂದೊಂದು ಬಗೆಯ ಯೀಸ್ಟ್. ತಿಂಗಳ ನಂತರ ಮತ್ತೆ ಸೇರಿ ರುಚಿ ನೋಡಿದರೆ, ಗೋಧಿ ಬಿಯರಿನ ಜರ್ಮನ್ ಯೀಸ್ಟ್ ಹಾಕಿದವರದ್ದು ಬಾಳೆಹಣ್ಣಿನ ವಾಸನೆ ಹೊಡೆಯುತ್ತಿರುತ್ತದೆ, ಪಕ್ಕದವರದ್ದರಲ್ಲಿ ಅದರ ಸುಳಿವೂ ಇರುವುದಿಲ್ಲ. ಇಪ್ಪತ್ತು ವರ್ಷ ಅನುಭವವಿದ್ದವರೂ ಈ ಹೋಲಿಕೆಯನ್ನು ಒಬ್ಬರೇ ಮಾಡಿ ನೋಡಿರುವುದು ಕಡಿಮೆ. ಇಂಥ ದಿನಗಳಲ್ಲಿ ಕಲಿಯುವವರು ಹೊಸಬರಷ್ಟೇ ಅಲ್ಲ. ‘ಇದ್ಯಾಕೆ ಹೀಗೆ?’ ಎಂದು ಕೇಳಿದಾಗ ಎಷ್ಟೋ ಹಳಬರು ತಡವರಿಸುತ್ತಾರೆ.

ಕರ್ನಾಟಕದಲ್ಲಿ ಈ ಕೂಟವನ್ನು ಯಥಾವತ್ತಾಗಿ ನಡೆಸುವಂತಿಲ್ಲ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಬೆಂಗಳೂರಿನವರು ಈ ಕೆಲಸವನ್ನು ಕಣ್ಣಾರೆ ಕಾಣಬೇಕೆಂದರೆ ಕಳೆದ ಒಂದೂವರೆ ದಶಕದಲ್ಲಿ ತಲೆಯೆತ್ತಿದ ಮೈಕ್ರೋಬ್ರೂವರಿಗಳ ಗಾಜಿನ ಆಚೆಗೆ ನೋಡಬೇಕಷ್ಟೆ. ಆದರೆ ಅಮೆರಿಕದ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಲಿ ಎಂದು ಅವನ್‌ನ ದೀಪ ಹಚ್ಚಿ ಪಾತ್ರೆಯನ್ನು ಒಳಗಿಡುವ ಕನ್ನಡದ ಮನೆಗಳಿಗೆ ಹುದುಗಿನ ಮುನಿಸು ಹೊಸದಾಗಿ ಪರಿಚಯವಾಗಬೇಕಿಲ್ಲ.

ಮಧ್ಯಾಹ್ನ ಮೂರಕ್ಕೆ ತೊಳೆಯುವ ಕೆಲಸ. ಇದು ದಿನದ ಅತಿ ಉದ್ದದ ಕೆಲಸ, ಕೈಗಳು ಥಟ್ಟನೆ ಮಾಯವಾಗುವ ಹೊತ್ತೂ ಇದೇ. ರಸ ಬಿಟ್ಟ ಕಾಳು ಒಂದೇ ದಿನಕ್ಕೆ ಹುಳಿತು ನಾರುತ್ತದೆ, ಅಂದೇ ಕೋಳಿ ಸಾಕಿದವರಿಗೆ ದಾಟಿಸಿಬಿಡಬೇಕು. ಗಾಜಿನ ಬುರುಡೆಯನ್ನು ಒದ್ದೆ ಕೈಯಲ್ಲಿ ಕತ್ತು ಹಿಡಿದು ಎತ್ತಬಾರದು, ಕ್ರೇಟಿನಲ್ಲಿ ಕೂರಿಸಿ ಒಯ್ಯಬೇಕು. ಜಾರಿ ಒಡೆದ ಬುರುಡೆ ಕೈಯ ನರ ಕತ್ತರಿಸಿದ್ದುಂಟು.

ರಾತ್ರಿ ಹತ್ತಕ್ಕೆ ಫೋನುಗಳು ಗುಂಯ್‌ಗುಡುತ್ತವೆ. ಹೊಸಬರದ್ದೆಲ್ಲ ಒಂದೇ ದೂರು: ಬುರುಡೆಯ ಬಾಯಿಗೆ ಸಿಕ್ಕಿಸಿದ ಏರ್‌ಲಾಕಿನಲ್ಲಿ ಒಂದು ಗುಳ್ಳೆಯೂ ಏಳುತ್ತಿಲ್ಲ, ಯೀಸ್ಟ್ ಸತ್ತಿರಬೇಕು. ಹಳಬರದ್ದೂ ಒಂದೇ ಉತ್ತರ: ಮುಚ್ಚಳ ತೆಗೆಯಬೇಡಿ, ಮಲಗಿ. ಮರುದಿನ ಬೆಳಿಗ್ಗೆ, ಕಾಫಿಗೂ ಮುಂಚೆ, ಕತ್ತಲೆ ಕೋಣೆಯೊಂದರಲ್ಲಿ ಹಳೇ ಅಂಗಿ ಹೊದೆಸಿಟ್ಟ ಬುರುಡೆಯಿಂದ ಗುಳುಕ್ ಎಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.