ನಕ್ಷತ್ರಗಳ ತೋಟಕ್ಕೆ ಎಲ್ಲಿಯ ಗೊಬ್ಬರ?

ಕಮ್ಮರಡಿಯ ಸುತ್ತಮುತ್ತ ಮಳೆಗಾಲದಲ್ಲಿ ನಕ್ಷತ್ರ ಕಾಣುವುದೇ ಅಪರೂಪ. ಜೂನ್‌ನಲ್ಲಿ ಮುಚ್ಚಿದ ಮೋಡ ಸರಿಯಾಗಿ ತೆರೆಯಬೇಕಾದರೆ ದೀಪಾವಳಿ ಹತ್ತಿರ ಬರಬೇಕು. ಆಮೇಲಿನ ಆಕಾಶ ಮಾತ್ರ ಪೇಟೆಯವರು ಹೊಟ್ಟೆಕಿಚ್ಚು ಪಡುವಂಥದು. ಡಿಸೆಂಬರ್‌ನ ಅಮಾವಾಸ್ಯೆಯ ಆಚೀಚೆ, ಕತ್ತಲಾದ ಮೇಲೆ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತು ನೆತ್ತಿಯಿಂದ ಉತ್ತರಕ್ಕೆ ಹುಡುಕಿದರೆ ಮಸುಕಾದ ಒಂದು ಬಿಳಿ ಮಚ್ಚೆ ಸಿಗುತ್ತದೆ. ಅದು ಆಂಡ್ರೊಮೀಡಾ ಗೆಲಾಕ್ಸಿ. ಅಲ್ಲಿಂದ ಬೆಳಕು ಹೊರಟು 25 ಲಕ್ಷ ವರ್ಷವಾಗಿದೆ. ನಮ್ಮ ನಿಮ್ಮ ಬರಿಗಣ್ಣು ಸೋಲುವುದು ಅಲ್ಲಿಯೇ. ಆದರೆ 800 ಕೋಟಿ ವರ್ಷಗಳ ಹಿಂದಿನ ಗೆಲಾಕ್ಸಿಗಳಲ್ಲಿ ಎಷ್ಟು ಅನಿಲವಿತ್ತು ಎಂಬ ಲೆಕ್ಕವನ್ನು ಪುಣೆಯ ಬಳಿಯಲ್ಲೇ ಕುಳಿತು ಹಾಕಿದ್ದಾರೆ. ಆ ತಂಡದಲ್ಲಿ ಬೆಂಗಳೂರಿನವರೂ ಇದ್ದಾರೆ.

ಅನಿಲದ ಲೆಕ್ಕ ಯಾಕೆ? ತೋಟವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪಿನಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರದ ಗುಂಡಿಗೆ, ಗುಂಡಿಯಿಂದ ಮರದ ಬುಡಕ್ಕೆ. ಗೆಲಾಕ್ಸಿಯ ಸಂಸಾರವೂ ಹೆಚ್ಚು ಕಡಿಮೆ ಹೀಗೆಯೇ. ಅನಿಲ ಕುಸಿದು ನಕ್ಷತ್ರವಾಗುತ್ತದೆ, ನಕ್ಷತ್ರ ಸಾಯುವಾಗ ತಾನು ಬೇಯಿಸಿದ್ದನ್ನು ಅನಿಲಕ್ಕೆ ಮರಳಿಸುತ್ತದೆ, ಮುಂದಿನ ನಕ್ಷತ್ರ ಆ ಗೊಬ್ಬರದಲ್ಲಿ ಹುಟ್ಟುತ್ತದೆ.

ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಶುರುವಾದಾಗ ಇದ್ದದ್ದು ತೂಕದಲ್ಲಿ ಮುಕ್ಕಾಲು ಪಾಲು ಜಲಜನಕ, ಕಾಲು ಪಾಲು ಹೀಲಿಯಂ, ಜೊತೆಗೆ ಚಿಟಿಕೆಯಷ್ಟು ಲಿಥಿಯಂ. ಉಸಿರಾಡುವ ಆಮ್ಲಜನಕ, ಎಲೆಗೆ ಹಚ್ಚುವ ಸುಣ್ಣದಲ್ಲಿನ ಕ್ಯಾಲ್ಸಿಯಂ, ಕುದುರೆಮುಖದ ಬೆಟ್ಟಗಳ ಕಬ್ಬಿಣ, ಇವೆಲ್ಲ ಆಮೇಲೆ ನಕ್ಷತ್ರಗಳ ಒಲೆಯಲ್ಲಿ ಮತ್ತು ಅವುಗಳ ಸ್ಫೋಟದಲ್ಲಿ ಆದವು. ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ ಈ ಅಡುಗೆಯ ವಿವರವನ್ನು 1957ರಲ್ಲಿ ಬರೆದಿಟ್ಟರು. (ಹೀಲಿಯಂಗಿಂತ ಭಾರವಾದದ್ದಕ್ಕೆಲ್ಲ ಖಗೋಳಜ್ಞರು 'ಲೋಹ' ಎಂದೇ ಕರೆಯುತ್ತಾರೆ. ಆಮ್ಲಜನಕವೂ ಲೋಹವೇ! ರಸಾಯನಶಾಸ್ತ್ರದ ಮೇಷ್ಟರು ಕೇಳಿದರೆ ಬೆತ್ತ ಹಿಡಿದಾರು.)

ಈ ಗೊಬ್ಬರ ಎಲ್ಲ ಒಟ್ಟಿಗೆ ಬರುವುದಿಲ್ಲ. ಭಾರಿ ನಕ್ಷತ್ರಗಳು ಕೆಲವೇ ಕೋಟಿ ವರ್ಷಗಳೊಳಗೆ ಸಿಡಿದು ಆಮ್ಲಜನಕ ಚೆಲ್ಲುತ್ತವೆ. ಕಬ್ಬಿಣದ ಬಹುಪಾಲು ಬರುವುದು ನಿಧಾನವಾಗಿ, ಸಣ್ಣ ನಕ್ಷತ್ರಗಳು ಉಳಿಸಿಹೋದ ಶ್ವೇತಕುಬ್ಜಗಳು ಸಿಡಿದಾಗ. ಹಾಗಾಗಿ ದೂರದ ಗೆಲಾಕ್ಸಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಆಮ್ಲಜನಕದ ಗೆರೆಗಳನ್ನು ಅಳೆದರೆ ಅಲ್ಲಿ ಎಷ್ಟು ನಕ್ಷತ್ರ ಬದುಕಿ ಸತ್ತಿವೆ ಎಂಬ ಅಂದಾಜು ಸಿಗುತ್ತದೆ. 2025ರಲ್ಲಿ ಚಿಲಿಯ ಅಲ್ಮಾ ದೂರದರ್ಶಕ, ವಿಶ್ವಕ್ಕೆ ಇನ್ನೂ 30 ಕೋಟಿ ವರ್ಷ ತುಂಬದಿದ್ದಾಗಿನ ಒಂದು ಗೆಲಾಕ್ಸಿಯಲ್ಲಿ ಆಮ್ಲಜನಕವನ್ನು ಪತ್ತೆ ಮಾಡಿತು. ಭಾರವಾದ ಧಾತುಗಳು ನಿರೀಕ್ಷೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿದ್ದವು. ತೊಟ್ಟಿಲಲ್ಲಿರಬೇಕಾದ ಕೂಸಿಗೆ ಮೀಸೆ ಬಂದಂತೆ!

ಸಣ್ಣ ಗೆಲಾಕ್ಸಿಗಳ ಪಾಡು ಬೇರೆ. ಗೊಬ್ಬರ ಹಾಕಿದ ಮರುದಿನವೇ ಜಡಿಮಳೆ ಹೊಡೆದರೆ ಇಳಿಜಾರಿನ ತೋಟದ ಗತಿ ಏನು? ನಕ್ಷತ್ರಗಳು ಸಿಡಿದ ರಭಸಕ್ಕೆ ಅನಿಲವೂ ಲೋಹವೂ ಕೊಚ್ಚಿಹೋಗುತ್ತವೆ. ಹಿಡಿದಿಡುವಷ್ಟು ಗುರುತ್ವ ಆ ಪುಟ್ಟ ಗೆಲಾಕ್ಸಿಗಳಿಗಿಲ್ಲ. ದೊಡ್ಡವುಗಳಲ್ಲಿ ಆಮ್ಲಜನಕದ ಪಾಲು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಗೊಬ್ಬರವಿದ್ದರೆ ಸಾಲದು, ನೀರು ಬೇಕು. ಗೆಲಾಕ್ಸಿಗೆ ನೀರೆಂದರೆ ಹೊರಗಿನಿಂದ ಹರಿದುಬರುವ ಜಲಜನಕ. ಅದರ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಹೊರಡಿಸುತ್ತದೆ, ಅದೂ ಸರಾಸರಿ ಒಂದು ಕೋಟಿ ವರ್ಷಕ್ಕೊಮ್ಮೆ. ವಿಶ್ವ ಹಿಗ್ಗುತ್ತಿರುವುದರಿಂದ 800 ಕೋಟಿ ವರ್ಷ ಪಯಣಿಸಿದ ಅಲೆ ಸುಮಾರು 42 ಸೆಂಟಿಮೀಟರಿಗೆ ಜಗ್ಗಿರುತ್ತದೆ. ಇಷ್ಟು ಕ್ಷೀಣ ದನಿಯನ್ನು ಕೇಳಿದ್ದು ಪುಣೆ ಜಿಲ್ಲೆಯ ಖೋಡದ್ ಬಳಿಯ ಜಿ.ಎಂ.ಆರ್.ಟಿ. ಗೋವಿಂದ ಸ್ವರೂಪರ ಕನಸಿನ ಕೂಸಾದ ಇದರಲ್ಲಿ 45 ಮೀಟರ್ ಅಗಲದ 30 ಬೋಗುಣಿಗಳಿವೆ.

ಆದಿತ್ಯ ಚೌಧುರಿ, ನಿಸ್ಸೀಮ್ ಕಾನೇಕರ್, ಜಯರಾಮ್ ಚೆಂಗಲೂರ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ ಮತ್ತು ಕೆ.ಎಸ್. ದ್ವಾರಕಾನಾಥ್ 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಒಂದೊಂದೇ ಗೆಲಾಕ್ಸಿಯ ದನಿ ಕೇಳುವಂತಿರಲಿಲ್ಲ. ಎಲೆಯಿಂದ ಜಾರಿದ ಒಂದು ಹನಿಯ ಸದ್ದು ಯಾರಿಗೆ ಕೇಳೀತು? ಇಡೀ ಕಾಡಿನ ಹನಿ ಕೇಳುತ್ತದೆ. ಹಾಗೆಯೇ 7,653 ಗೆಲಾಕ್ಸಿಗಳ ಸಂಕೇತವನ್ನು ಒಟ್ಟುಗೂಡಿಸಿದರು. ಅನಿಲ ಧಾರಾಳವಾಗಿತ್ತು, ಖರ್ಚು ಅದಕ್ಕಿಂತ ಧಾರಾಳ. ಹೊಸದು ಬಾರದಿದ್ದರೆ ಇದ್ದದ್ದು ಒಂದೆರಡು ನೂರು ಕೋಟಿ ವರ್ಷಗಳಲ್ಲಿ ಬರಿದು. ನಕ್ಷತ್ರಗಳ ಹೆರಿಗೆ ಒಮ್ಮೆ ಭರದಲ್ಲಿದ್ದು, ಆಮೇಲೆ ಇಂದಿನವರೆಗೆ ಸುಮಾರು ಹತ್ತನೇ ಒಂದಕ್ಕೆ ಇಳಿದದ್ದು ಮೊದಲೇ ಗೊತ್ತಿತ್ತು. ಒರತೆ ಬತ್ತಿದ್ದೇ ಅದಕ್ಕೆ ಕಾರಣವಿರಬೇಕೆಂಬುದಕ್ಕೆ ಈಗ ಬಲ ಬಂತು.

2022ರಲ್ಲಿ 510 ಗಂಟೆ ಆಲಿಸಿ, 11,419 ಗೆಲಾಕ್ಸಿಗಳನ್ನು ಸೇರಿಸಿದಾಗ ಚಿತ್ರ ಇನ್ನಷ್ಟು ಗಾಢವಾಯಿತು: ಸುಮಾರು ನೂರು ಕೋಟಿ ವರ್ಷಗಳ ಅಂತರದಲ್ಲಿ ಗೆಲಾಕ್ಸಿಗಳ ಸರಾಸರಿ ಜಲಜನಕ ಮೂರನೇ ಒಂದಕ್ಕೆ ಕುಸಿದಿತ್ತು. ನಮ್ಮ ಆಕಾಶಗಂಗೆ ಈಗ ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟೇ ನಕ್ಷತ್ರ ಹೆರುತ್ತಿದೆ. ಹೊರಗಿನ ಹರಿವು ಯಾಕೆ ಸೊರಗಿತು ಎಂಬುದನ್ನು, ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಏಳುತ್ತಿರುವ, ಭಾರತವೂ ಪಾಲು ಹಾಕಿರುವ ಎಸ್.ಕೆ.ಎ. ದೂರದರ್ಶಕ ಕೆದಕಲಿದೆ.