ಮಕ್ಕಳ ಹೃದಯ ಮತ್ತು ಶ್ವಾಸಕೋಶದ ಸಿ.ಟಿ. ಸ್ಕ್ಯಾನ್: ಸುರಪುರ ತಾಲ್ಲೂಕಿನ ಪೋಷಕರಿಗೆ ಮಾಹಿತಿ

ಹಾಲು ಕುಡಿಯುವಾಗ ಶಿಶುವು ಬೆವರಿ ಮಧ್ಯದಲ್ಲಿಯೇ ನಿಲ್ಲಿಸುವುದು, ಅತ್ತಾಗ ತುಟಿ ಮತ್ತು ನಾಲಿಗೆ ನೀಲಿಗಟ್ಟುವುದು, ತೂಕ ಹೆಚ್ಚದಿರುವುದು, ಪದೇ ಪದೇ ನ್ಯುಮೋನಿಯಾ ಬರುವುದು ಹೃದಯ ಅಥವಾ ಶ್ವಾಸಕೋಶದ ಜನ್ಮಜಾತ ನ್ಯೂನತೆಯ ಲಕ್ಷಣಗಳಾಗಿರಬಹುದು. ಜನಿಸುವ ಪ್ರತಿ 1,000 ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಹೃದಯದ ನ್ಯೂನತೆ ಇರುತ್ತದೆ. ಇವರಲ್ಲಿ ಕೆಲವರಿಗೆ ಮಾತ್ರ ಸಿ.ಟಿ. ಸ್ಕ್ಯಾನ್ ಅಗತ್ಯವಾಗುತ್ತದೆ.

ಸಿ.ಟಿ. ಸ್ಕ್ಯಾನ್ ಎಂದರೇನು?

ಕ್ಷ-ಕಿರಣದ ಕೊಳವೆಯು ದೇಹದ ಸುತ್ತ ತಿರುಗಿ ತೆಗೆದ ಚಿತ್ರಗಳನ್ನು ಗಣಕಯಂತ್ರವು ಜೋಡಿಸಿ, ಒಳ ಅಂಗಗಳನ್ನು ಪದರ ಪದರವಾಗಿ ತೋರಿಸುತ್ತದೆ. ರಕ್ತನಾಳಗಳು ಸ್ಪಷ್ಟವಾಗಿ ಕಾಣಲು ಅಯೋಡಿನ್‌ಯುಕ್ತ ದ್ರಾವಣವನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ಶಿಶುವಿನ ಹೃದಯವು ನಿಮಿಷಕ್ಕೆ 120ರಿಂದ 160 ಬಾರಿ ಬಡಿಯುವುದರಿಂದ ಹಳೆಯ ಯಂತ್ರಗಳಲ್ಲಿ ಚಿತ್ರವು ಮಸುಕಾಗುತ್ತಿತ್ತು. ಇಂದಿನ ವೇಗದ ಯಂತ್ರಗಳು ಕೆಲವೇ ಕ್ಷಣಗಳಲ್ಲಿ ಚಿತ್ರೀಕರಣ ಮುಗಿಸುತ್ತವೆ. ಆದ್ದರಿಂದ ಅನೇಕ ಮಕ್ಕಳಿಗೆ ಅರಿವಳಿಕೆಯ ಅಗತ್ಯ ಬೀಳುವುದಿಲ್ಲ.

ಯಾವಾಗ ಅಗತ್ಯ?

ಹೃದಯದ ನ್ಯೂನತೆಗೆ ಮೊದಲ ಪರೀಕ್ಷೆ ಎಕೋಕಾರ್ಡಿಯೋಗ್ರಫಿ. ಇದರಲ್ಲಿ ವಿಕಿರಣವಿಲ್ಲ. ಹೃದಯದ ಹೊರಗಿನ ಮಹಾಪಧಮನಿ, ಶ್ವಾಸಕೋಶಕ್ಕೆ ಹೋಗುವ ಮತ್ತು ಅಲ್ಲಿಂದ ಮರಳುವ ರಕ್ತನಾಳಗಳು ಎಕೋದಲ್ಲಿ ಪೂರ್ಣವಾಗಿ ಕಾಣದಿದ್ದಾಗ, ಶಸ್ತ್ರಚಿಕಿತ್ಸೆಗೆ ಮುನ್ನ ಸಿ.ಟಿ. ನೆರವಾಗುತ್ತದೆ. ರಕ್ತನಾಳವು ಶ್ವಾಸನಾಳವನ್ನು ಸುತ್ತಿ ಒತ್ತುತ್ತಿದ್ದರೂ ಇದರಲ್ಲಿ ತಿಳಿಯುತ್ತದೆ.

ಸಾಧಾರಣ ನ್ಯುಮೋನಿಯಾಕ್ಕೆ ವೈದ್ಯರ ತಪಾಸಣೆ ಹಾಗೂ ಅಗತ್ಯವಿದ್ದಲ್ಲಿ ಎಕ್ಸ್-ರೇ ಸಾಕು. ಒಂದೇ ಭಾಗದಲ್ಲಿ ಸೋಂಕು ಮರುಕಳಿಸಿದರೆ ಅಥವಾ ಜನ್ಮಜಾತ ಗಂಟು ಇದೆಯೆಂಬ ಸಂಶಯವಿದ್ದರೆ ಸಿ.ಟಿ. ಉಪಯುಕ್ತ. ಶೇಂಗಾ ಬೀಜವು ಶ್ವಾಸನಾಳದಲ್ಲಿ ಸಿಲುಕಿದಾಗ ಎಕ್ಸ್-ರೇ ಸಹಜವಾಗಿಯೇ ಕಾಣಬಹುದು. ಆದರೆ ಮಗು ಉಸಿರಾಡಲು ಕಷ್ಟಪಡುತ್ತಿದ್ದರೆ ಸ್ಕ್ಯಾನ್‌ಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು (108).

ವಿಕಿರಣದ ಬಗ್ಗೆ

ಎದೆಯ ಸಿ.ಟಿ.ಯಲ್ಲಿ ಒಂದು ಎಕ್ಸ್-ರೇಗಿಂತ ಹತ್ತಾರು ಪಟ್ಟು ಹೆಚ್ಚು ವಿಕಿರಣವಿರುತ್ತದೆ. ಬೆಳೆಯುವ ಅಂಗಾಂಶಗಳು ಇದಕ್ಕೆ ಹೆಚ್ಚು ಸೂಕ್ಷ್ಮ. ಒಂದು ಸ್ಕ್ಯಾನ್‌ನಿಂದಾಗುವ ಅಪಾಯ ಅತ್ಯಲ್ಪ. ಅಗತ್ಯವಿರುವ ಪರೀಕ್ಷೆಯನ್ನು ಹೆದರಿ ಕೈಬಿಡಬಾರದು, ಅನಗತ್ಯವಾಗಿ ಮರುಕಳಿಸಲೂಬಾರದು.

ಪೋಷಕರು ಗಮನಿಸಬೇಕಾದ ಅಂಶಗಳು

1. ಈ ಸ್ಕ್ಯಾನ್‌ನಿಂದ ಯಾವ ವಿಷಯ ತಿಳಿಯಬೇಕಾಗಿದೆ, ಎಕೋ ಅಥವಾ ಎಕ್ಸ್-ರೇ ಸಾಲದೇ ಎಂದು ವೈದ್ಯರನ್ನು ಕೇಳಿರಿ.
2. ಮಗುವಿನ ತೂಕಕ್ಕೆ ತಕ್ಕಂತೆ ವಿಕಿರಣದ ಪ್ರಮಾಣ ಕಡಿಮೆ ಮಾಡಲಾಗುವುದೇ ಎಂದು ವಿಚಾರಿಸಿರಿ.
3. ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದಲ್ಲಿ ಮೊದಲೇ ತಿಳಿಸಿರಿ.
4. ಹಳೆಯ ವರದಿ, ಫಿಲ್ಮ್ ಹಾಗೂ ಸಿ.ಡಿ.ಗಳನ್ನು ಜೋಪಾನವಾಗಿರಿಸಿ, ಪ್ರತಿ ಭೇಟಿಯಲ್ಲೂ ಒಯ್ಯಿರಿ. ಇವು ಇಲ್ಲದಿದ್ದರೆ ಸ್ಕ್ಯಾನ್ ಮತ್ತೊಮ್ಮೆ ಮಾಡಬೇಕಾಗಬಹುದು.

ಎಲ್ಲಿ ಸಂಪರ್ಕಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲಾ ಮಕ್ಕಳನ್ನು ಒಂದು ಬಾರಿ ತಪಾಸಣೆ ಮಾಡಲಾಗುತ್ತದೆ. ಮೇಲ್ಕಂಡ ಲಕ್ಷಣಗಳಿದ್ದಲ್ಲಿ ಈ ತಪಾಸಣೆಗೆ ಕಾಯದೆ ಆಶಾ ಕಾರ್ಯಕರ್ತೆ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸುವುದು. ಹೆಚ್ಚಿನ ಹೃದಯ ಚಿಕಿತ್ಸೆಗೆ ಈ ಭಾಗದ ಜನರು ಹಿಂದೆ ಬೆಂಗಳೂರಿನವರೆಗೆ ಹೋಗಬೇಕಾಗುತ್ತಿತ್ತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಸ್ಕ್ಯಾನ್ ವೆಚ್ಚವೂ ಇದರಲ್ಲಿ ಸೇರುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮುಂಚಿತವಾಗಿ ತಿಳಿದುಕೊಳ್ಳಲು ಕೋರಲಾಗಿದೆ.