ಪುಣ್ಯಕೋಟಿಗೆ ರಟ್ಟಿನ ಕೊಂಬು

“ಟೀಚರ್, ಡ್ರೆಸ್ಸಿಗೆ ಎಷ್ಟಾಗ್ತದೆ?”

ಈ ಸಲ ‘ಗೋವಿನ ಹಾಡ’ನ್ನು ಗೀತನಾಟಕವಾಗಿ ಆಡೋಣ ಎಂದು ಶುಕ್ರವಾರದ ತರಗತಿಯಲ್ಲಿ ಹೇಳಿದ್ದೆ. ಅಂದು ಸಂಜೆ ಬಂದ ಮೊದಲ ಫೋನಿನಲ್ಲೇ ಈ ಪ್ರಶ್ನೆ. ಮಗಳಿಗೆ ಯಾವ ಪಾತ್ರ ಎಂದು ಆ ತಾಯಿ ಕೇಳಲಿಲ್ಲ. ಸ್ವಲ್ಪ ಸುಮ್ಮನಿದ್ದು, “ಜಾಸ್ತಿ ಆಗುವುದಾದರೆ ಅವಳು ಹಿಂದೆ ಹಾಡುವವರ ಜೊತೆ ನಿಲ್ಲಲಿ” ಎಂದರು. ಮಗಳಿಗೆ ಕರುವಿನ ಪಾತ್ರ ಮಾಡುವ ಆಸೆ ಎಂದು ನನಗೆ ಗೊತ್ತಿತ್ತು.

ಆ ರಾತ್ರಿಯೇ ನಾವು ಶಿಕ್ಷಕರು ಸೇರಿ ಎರಡು ನಿಯಮ ಮಾಡಿದೆವು. ಒಂದು: ಅಂಗಡಿಯ ಸಿದ್ಧ ವೇಷ ಯಾರೂ ತರುವಂತಿಲ್ಲ, ಕೊಳ್ಳುವ ಅನುಕೂಲ ಇದ್ದವರೂ ಕೂಡ. ಎರಡು: ಇಡೀ ನಾಟಕದ ಸಾಮಾನಿಗೆ 10 ದಿನಾರ್ ಮೀರಬಾರದು, ಅದೂ ತರಗತಿಯ ಡಬ್ಬಿಯಿಂದ. ಒಬ್ಬ ಮಗು ಹೊಳೆಯುವ ವೇಷದಲ್ಲಿ, ಪಕ್ಕದ ಮಗು ಹಳೆಯ ಅಂಗಿಯಲ್ಲಿ ನಿಂತರೆ ಹಾಡು ಎಷ್ಟು ಚೆನ್ನಾಗಿದ್ದರೂ ಆ ಎರಡನೆಯ ಮಗುವಿನ ದನಿ ಏಳುವುದಿಲ್ಲ.

ನಮ್ಮ ಹಿರಿಯರ ದಾರಿ

ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅದು ಒಂದು ದಾರಿ. ಇನ್ನೊಂದು ದಾರಿಯನ್ನು ಕರಾವಳಿಯಿಂದ ಬಂದ ನಮ್ಮಲ್ಲಿ ಅನೇಕರು ಚಿಕ್ಕಂದಿನಿಂದ ನೋಡಿದ್ದೇವೆ. ಯಕ್ಷಗಾನದ ರಂಗಸ್ಥಳದಲ್ಲಿ ಇರುವುದು ಒಂದು ಮರದ ಪೀಠ. ಅದನ್ನು ‘ರಥ’ ಎನ್ನುತ್ತಾರೆ. ರಾಜ ಕುಳಿತರೆ ಅದು ಸಿಂಹಾಸನ, ವೀರ ಏರಿದರೆ ತೇರು. ಕಿರೀಟ, ಭುಜಕೀರ್ತಿಗಳೂ ಚಿನ್ನದವಲ್ಲ: ಹಗುರವಾದ ಮರ, ಅದರ ಮೇಲೆ ಬೇಗಡೆ, ಕನ್ನಡಿಯ ಚೂರು. ದೂರದಿಂದ ನೋಡುವವರಿಗೆ ಅಷ್ಟು ಸಾಕು. ನಾವೂ ಇದೇ ದಾರಿ ಹಿಡಿದೆವು.

ರಟ್ಟು, ಅಂಟು, ಕೊಂಬು

ಮನೆ ಕೆಳಗಿನ ಕೋಲ್ಡ್ ಸ್ಟೋರಿನಲ್ಲಿ ಕೇಳಿದರೆ ಖಾಲಿ ರಟ್ಟಿನ ಪೆಟ್ಟಿಗೆ ಸಿಗುತ್ತದೆ. ಮಕ್ಕಳೇ, ರಟ್ಟನ್ನು ಅಂಚಿನಿಂದ ನೋಡಿ. ಒಳಗೆ ಅಲೆಅಲೆಯಾದ ಕಾಗದವಿದೆ. ಕತ್ತರಿಸುವಾಗ ಆ ಅಲೆಯ ಗೆರೆಗಳು ಮೇಲಿನಿಂದ ಕೆಳಕ್ಕೆ ನೆಟ್ಟಗಿರಲಿ. ಆಗ ಮರದ ಕಾಂಡ ಬಾಗದೆ ನಿಲ್ಲುತ್ತದೆ. ತಲೆಪಟ್ಟಿ ಮುರಿಯದೆ ತಲೆಯ ಸುತ್ತ ದುಂಡಗೆ ಬರುತ್ತದೆ.

ಅಂಟನ್ನು ಅಡುಗೆಮನೆಯಲ್ಲೇ ಕಾಯಿಸಬಹುದು. 1 ಕಪ್ ಮೈದಾವನ್ನು 1 ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 4 ಕಪ್ ನೀರಿಗೆ ಸುರಿದು, ಗಂಜಿಯಂತಾಗುವವರೆಗೆ ತಿರುವಬೇಕು. ಬೂಸ್ಟು ಬೇಗ ಹಿಡಿಯದಿರಲು ಒಂದು ಚಮಚ ಉಪ್ಪು. ಒಲೆಯ ಕೆಲಸ ದೊಡ್ಡವರದು.

ಹಳೆಯ ಪೇಪರನ್ನು ಶಂಕುವಿನಂತೆ ಸುತ್ತಿ, ಸ್ವಲ್ಪ ಬಾಗಿಸಿ, ಟೇಪ್ ಹಾಕಿದರೆ ಕೊಂಬು. ಅದರ ಮೇಲೆ ಅಂಟಿನಲ್ಲಿ ಅದ್ದಿದ ಪೇಪರ್ ಚೂರುಗಳನ್ನು ಎರಡೇ ಪದರ ಹಚ್ಚಿ. ಇಲ್ಲಿನ ಕಡಲಗಾಳಿಯ ತೇವಕ್ಕೆ ದಪ್ಪ ಪದರ ಒಳಗೇ ಹಸಿಯಾಗಿ ಉಳಿಯುತ್ತದೆ. ಬಾಲ್ಕನಿಗಿಂತ ಏಸಿ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಂದು ದಿನ ಇಡುವುದು ಒಳ್ಳೆಯದು. ಚಪ್ಪಟೆ ರಟ್ಟಿಗೆ ಬಣ್ಣ ಹಚ್ಚುವಾಗ ಹಿಂಬದಿಗೂ ಒಂದು ಸಲ ಕುಂಚ ಆಡಿಸಿ. ಒಂದೇ ಬದಿಗೆ ಹಚ್ಚಿದರೆ ಒಣಗುವಾಗ ಹಪ್ಪಳದಂತೆ ಸುರುಟಿಕೊಳ್ಳುತ್ತದೆ.

ಹುಲಿಯ ದನಿ ಕೇಳಲಿಲ್ಲ

ನಮ್ಮ ದೊಡ್ಡ ತಪ್ಪು ಹುಲಿಯ ವಿಷಯದಲ್ಲಿ ಆಯಿತು. ಮೂರು ಸಂಜೆ ಕುಳಿತು ಅರ್ಬುತನಿಗೆ ಇಡೀ ಮುಖ ಮುಚ್ಚುವ ಮುಖವಾಡ ಮಾಡಿದೆವು. ಮೀಸೆ, ಹಲ್ಲು ಎಲ್ಲ ಭರ್ಜರಿ. ತಾಲೀಮಿನಲ್ಲಿ ಹುಡುಗ ಬಾಯಿ ತೆರೆದ. ಒಳಗಿನಿಂದ ಬರೀ ಗುಂಯ್ ಎಂಬ ಸದ್ದು. ಹಸಿದ ಹುಲಿಯ ಹಾಡು ಮೊದಲ ಸಾಲಿನವರಿಗೂ ಕೇಳಲಿಲ್ಲ. ಬೆವರು ಕಣ್ಣಿಗಿಳಿದು ಅವನು ಹಸುವನ್ನು ಬಿಟ್ಟು ಗೋಡೆಯ ಕಡೆಗೆ ಹೋದ.

ಹಾಡುವ ನಾಟಕದಲ್ಲಿ ಬಾಯಿ, ಕಿವಿ, ಕಣ್ಣು ಮೂರೂ ತೆರೆದಿರಬೇಕು. ಮುಖವಾಡದ ಕೆಳಭಾಗವನ್ನು ಕತ್ತರಿಸಿ, ಉಳಿದದ್ದನ್ನು ಹಳೆಯ ಕ್ಯಾಪಿನ ಮೇಲೆ ಹೊಲಿದೆವು. ಈಗ ಹುಲಿಯ ಮುಖ ಹಣೆಯ ಮೇಲೆ, ಹುಡುಗನ ಮುಖ ಅದರ ಕೆಳಗೆ. ಮೈಗೆ ಬಣ್ಣವಿಲ್ಲ, ಹಳದಿ ಟೀ ಶರ್ಟಿಗೆ ಕಪ್ಪು ಬಟ್ಟೆಯ ಪಟ್ಟಿಗಳು. ಮಂಗಳೂರಿನ ಹುಲಿವೇಷ ನೋಡಿ ಬೆಳೆದ ಅವನ ಅಪ್ಪ ನಾಲ್ಕು ಹೆಜ್ಜೆ ಹೇಳಿಕೊಟ್ಟರು. ಮುಖವಾಡಕ್ಕಿಂತ ಆ ಹೆಜ್ಜೆಗಳಿಗೇ ಚಿಕ್ಕ ಮಕ್ಕಳು ಹೆದರಿದರು.

ಪುಣ್ಯಕೋಟಿಯ ಕೊರಳ ಗಂಟೆಯೂ ಹಾಗೆಯೇ. ನಿಜವಾದ ಗಂಟೆ ಕಟ್ಟಿದರೆ ಪ್ರತಿ ಹೆಜ್ಜೆಗೂ ಮೈಕಿನಲ್ಲಿ ಗಲಗಲ. ಲಬನ್ ಕುಡಿದು ತೊಳೆದ ಕಪ್ಪನ್ನು ಬೋರಲು ಹಾಕಿ ಹಿತ್ತಾಳೆ ಬಣ್ಣ ಹಚ್ಚಿದೆವು. ನಿಜವಾದ ಗಂಟೆ ಹಾಡುವವರ ಪಕ್ಕದ ಹುಡುಗಿಯ ಕೈಯಲ್ಲಿ. ಬೇಕಾದಾಗ ಮಾತ್ರ ಬಾರಿಸುತ್ತಾಳೆ.

ಕಾರಿನ ಡಿಕ್ಕಿಯಲ್ಲಿ ಕಾಡು

ಕಾಡು, ಕೊಟ್ಟಿಗೆ ಎರಡೂ ಒಂದೇ ಕಾರಿನ ಡಿಕ್ಕಿಯಲ್ಲಿ ಬರಬೇಕಿತ್ತು. ನಮ್ಮೆಲ್ಲರ ಫ್ಲಾಟಿನಲ್ಲಿರುವ ಬಟ್ಟೆ ಒಣಹಾಕುವ ಮಡಚುವ ಸ್ಟ್ಯಾಂಡ್ ಇದಕ್ಕೆ ಒದಗಿತು. ಒಂದು ಬದಿಗೆ ಅಜ್ಜಿಯ ಹಸಿರು ಸೀರೆ, ಇನ್ನೊಂದು ಬದಿಗೆ ಕಂದು ಚಾದರ. ಇಬ್ಬರು ಮಕ್ಕಳು ತಿರುಗಿಸಿ ನಿಲ್ಲಿಸಿದರೆ ಕಾಡು ಹೋಗಿ ಕೊಟ್ಟಿಗೆ ಬರುತ್ತದೆ.

ಕೊಟ್ಟಿಗೆಯ ಹುಲ್ಲಿಗೆ ಉದುರಿದ ಖರ್ಜೂರದ ಗರಿ. ಗರಿಯ ಬುಡದಲ್ಲಿ ಚೂಪಾದ ಮುಳ್ಳುಗಳಿರುತ್ತವೆ. ದೊಡ್ಡವರು ಅವನ್ನು ಕತ್ತರಿಸಿ, ಧೂಳು ತೊಳೆದು ಕೊಡಬೇಕು. ಒಣ ಗರಿ, ಕಾಗದ ಎರಡನ್ನೂ ದೀಪ ಮತ್ತು ಬಿಸಿ ಲೈಟುಗಳಿಂದ ದೂರವಿಡಿ. ಮಕ್ಕಳೇ, ಬಹರೈನ್ ಕೋಟೆಯ ಹತ್ತಿರದ ಕರ್ಬಾಬಾದ್ ಹಳ್ಳಿ ಇದೇ ಖರ್ಜೂರದ ಗರಿಯಲ್ಲಿ ಹೆಣೆದ ಬುಟ್ಟಿಗಳಿಗೆ ಹೆಸರಾದದ್ದು. ನಮ್ಮೂರಲ್ಲಿ ತೆಂಗಿನ ಗರಿ ಹೆಣೆದಂತೆ.

ಕರುವಿನ ಕಿವಿಗಳನ್ನು ಆ ಹುಡುಗಿ, ಅವಳ ಅಮ್ಮ ಇಬ್ಬರೂ ಕುಳಿತು ಹಳೆಯ ಕಾಲುಚೀಲದಿಂದ ಹೊಲಿದರು. ಒಂದು ಕಿವಿ ಚೂರು ಉದ್ದವಾಯಿತು. ಬಿಚ್ಚಿ ಸರಿ ಮಾಡೋಣವೇ ಎಂದು ಅಮ್ಮ ಕೇಳಿದರೆ ಅವಳು ಒಪ್ಪಲಿಲ್ಲ. ಅಮ್ಮ ಹಿಂದಿರುಗುವುದು ಕೇಳಲೆಂದು ಕರು ಆ ಕಿವಿಯನ್ನು ಎತ್ತಿ ಹಿಡಿದಿದೆಯಂತೆ.

ಪೋಷಕರೇ, ಮುಂದಿನ ಶುಕ್ರವಾರ ಬರುವಾಗ ಒಂದು ರಟ್ಟಿನ ಪೆಟ್ಟಿಗೆ, ಎರಡು ಹಳೆಯ ಪೇಪರ್ ತನ್ನಿ. ಇನ್ನೂ ಆರು ಹಸುಗಳಿಗೆ ಕೊಂಬು ಆಗಬೇಕಿದೆ.